ಬಾಯಿಬಿಟ್ಟು ಹೇಳದೆ ಚಿಪ್ ಇಡಬೇಡಿ: ಗೋವಾದಲ್ಲಿ ಪೋಕರ್ ಆಡಲು ಹೊರಟವರಿಗೆ

ವಾರಾಂತ್ಯಕ್ಕೆ ಬಸ್ ಹತ್ತಿ ಪಣಜಿಗೆ ಹೋಗಿ ಪೋಕರ್ ಆಡ್ಬೇಕು ಅಂತಿರುವ ಬೆಂಗಳೂರಿನವರು ದಯವಿಟ್ಟು ಇದನ್ನು ಓದಿ. ಅದರಲ್ಲೂ ಇಷ್ಟು ದಿನ ಫೋನಿನಲ್ಲಿ ಮಾತ್ರ ಆಡಿದವರು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದ ಮೇಲೆ ದುಡ್ಡಿಟ್ಟು ಆಡುವ ಆ್ಯಪ್‌ಗಳು ನಿಂತವು. ನಮ್ಮ ರಾಜ್ಯದಲ್ಲಿ ಕ್ಯಾಸಿನೊ ಇಲ್ಲ. ಹಾಗಾಗಿ ನನಗೆ ಗೊತ್ತಿರುವ ಎಷ್ಟೋ ಹುಡುಗರು ಈಗ ಮಾಂಡೋವಿ ನದಿಯ ಹಡಗು ಕ್ಯಾಸಿನೊಗಳ ದಾರಿ ಹಿಡಿದಿದ್ದಾರೆ. ಆಟ ಅದೇ, ಎಲೆ ಅದೇ. ಆದರೆ ಅಲ್ಲಿ ನಿಮ್ಮ ಮನಸ್ಸಿನಲ್ಲಿ ಏನಿತ್ತು ಅಂತ ಯಾರೂ ಕೇಳುವುದಿಲ್ಲ. ನೀವು ಏನು ಹೇಳಿದಿರಿ, ಕೈ ಏನು ಮಾಡಿತು, ಅಷ್ಟೇ ಲೆಕ್ಕ.

ನನ್ನ ಭಾವಮೈದನಿಗೆ ಆಗಿದ್ದನ್ನು ಹೇಳ್ತೀನಿ. ಕ್ಯಾಸಿನೊ ಹೆಸರು ಬೇಡ.

ಅವನು ಆ್ಯಪ್‌ನಲ್ಲಿ ಚೆನ್ನಾಗಿ ಆಡ್ತಿದ್ದ. ಲೆಕ್ಕಾಚಾರ ಗಟ್ಟಿ. ನಾವಿಬ್ಬರೂ ಒಂದೇ ಟೇಬಲ್‌ನಲ್ಲಿ ಕೂತಿದ್ದೆವು. ನೋ ಲಿಮಿಟ್ ಹೋಲ್ಡೆಮ್, ಬ್ಲೈಂಡ್ (ಎಲೆ ಹಂಚುವ ಮುಂಚೆ ಇಬ್ಬರು ಕಡ್ಡಾಯವಾಗಿ ಇಡುವ ದುಡ್ಡು) 100-200. ಅವನಿಗೆ ರಾಣಿ ಜೋಡಿ ಬಂತು. ಅವನಿಗಿಂತ ಮುಂಚೆ ಒಬ್ಬರು 800ಕ್ಕೆ ರೇಸ್ ಮಾಡಿದ್ದರು, ಅಂದರೆ ಬೆಟ್ ಏರಿಸಿದ್ದರು, ಇನ್ನಿಬ್ಬರು ಕಾಲ್ ಮಾಡಿದ್ದರು, ಅಂದರೆ ಅಷ್ಟೇ ಇಟ್ಟಿದ್ದರು. ಇಂಥ ಕಡೆ ಜೋರಾಗಿ ಏರಿಸಿ ಜನ ಕಡಿಮೆ ಮಾಡಬೇಕು, ಅಲ್ವಾ? ಅವನು ಮಾಡಲು ಹೊರಟಿದ್ದೂ ಅದನ್ನೇ. 5,000ದ ಒಂದೇ ಒಂದು ಚಿಪ್ ತೆಗೆದು ಸುಮ್ನೆ ಮುಂದೆ ಇಟ್ಟ. ಬಾಯಿಂದ ಒಂದು ಮಾತಿಲ್ಲ.

ಡೀಲರ್ "ಕಾಲ್" ಅಂದರು. 4,200 ಚಿಲ್ಲರೆ ಎಣಿಸಿ ಅವನ ಕಡೆಗೆ ತಳ್ಳಿದರು.

ಇವನ ಮುಖ ಬಿಳಚಿಕೊಂಡಿತು. "ಇಲ್ಲ ಇಲ್ಲ, ರೇಸ್, ರೇಸ್" ಅಂದ. ಡೀಲರ್ ತಲೆ ಆಡಿಸಿದರು. ಅವನು ನನ್ನ ಕಡೆ ತಿರುಗಿ, "ಭಾವ, ನೀವೇ ಹೇಳಿ, ಐದು ಸಾವಿರ ಯಾರಾದ್ರೂ ಕಾಲ್ ಮಾಡೋಕೆ ಇಡ್ತಾರಾ?" ಅಂದ. ನಾನು ಬಾಯಿ ತೆರೆಯುವ ಮೊದಲೇ ಡೀಲರ್ ತಡೆದರು. ಆಟ ನಡೆಯುವಾಗ ಒಬ್ಬರ ಆಟಕ್ಕೆ ಇನ್ನೊಬ್ಬರು ಬಾಯಿ ಹಾಕುವ ಹಾಗಿಲ್ಲ. ಬೇರೆಯವರಿಗೆ ತಿಳಿಯದ ಭಾಷೆಯಲ್ಲಂತೂ ಮಾತಾಡಲೇಬಾರದು, ಒಳಸಂಚು ಅಂತ ಅನುಮಾನ ಬರುತ್ತದೆ. ಟೇಬಲ್‌ಗಳ ಉಸ್ತುವಾರಿ ನೋಡುವ ಫ್ಲೋರ್ ಮ್ಯಾನೇಜರ್ ಬಂದರು, ಎರಡು ವಾಕ್ಯ ಕೇಳಿಸಿಕೊಂಡರು, ಕಾಲ್ ಅಂತಲೇ ತೀರ್ಪು ಕೊಟ್ಟರು.

ಮುಂದೆ ಆಗಿದ್ದು ನೋಡಿ. ಬಿಗ್ ಬ್ಲೈಂಡ್‌ನಲ್ಲಿದ್ದ, ಅಂದರೆ 200 ಮೊದಲೇ ಇಟ್ಟಿದ್ದ, ಹಿರಿಯರೊಬ್ಬರು ಬರೀ 600 ಸೇರಿಸಿ ಒಳಗೆ ಬಂದರು. ಫ್ಲಾಪ್‌ನಲ್ಲಿ, ಅಂದರೆ ಎಲ್ಲರಿಗೂ ಸೇರಿ ಟೇಬಲ್ ಮೇಲೆ ಬಿಚ್ಚುವ ಮೊದಲ ಮೂರು ಎಲೆಗಳಲ್ಲಿ, ರಾಣಿ, ಎಂಟು, ಐದು. ಇವನಿಗೆ ಮೂರು ರಾಣಿ. ನಾಲ್ಕನೇ ಎಲೆ ಒಂಬತ್ತು. ಅಲ್ಲಿ ಎಲ್ಲಾ ದುಡ್ಡೂ ಒಳಗೆ ಹೋಯಿತು. ಹಿರಿಯರು ತೋರಿಸಿದ್ದು ಆಟೀನಿನ ಏಳು, ಆರು. ಐದರಿಂದ ಒಂಬತ್ತರವರೆಗೆ ನೇರ ಸ್ಟ್ರೇಟ್, ಅದು ಮೂರು ರಾಣಿಗಿಂತ ದೊಡ್ಡದು. ಕೊನೆಯ ಎಲೆ ಎರಡು, ಅದು ಯಾರಿಗೂ ಉಪಯೋಗವಿಲ್ಲ. ಟೇಬಲ್ ಮೇಲಿದ್ದ ಅವನ ಸುಮಾರು 40,000 ರೂಪಾಯಿ ಆ ಒಂದೇ ಆಟದಲ್ಲಿ ಹೋಯಿತು. ರೇಸ್ 5,000ಕ್ಕೆ ನಿಂತಿದ್ದರೆ ಆ ಏಳು-ಆರು ಹಿಡಿದು ಅವರು ಖಂಡಿತ ಕೂರುತ್ತಿರಲಿಲ್ಲ. ಅವರೇ ಆಮೇಲೆ ಹಾಗಂದರು, ಪಾಪ, ಒಳ್ಳೆಯ ಮನುಷ್ಯ.

ಡೀಲರ್ ಮಾಡಿದ್ದು ತಪ್ಪಲ್ಲ. ಎದುರಿಗೆ ಬೆಟ್ ಇದ್ದಾಗ ಮಾತಾಡದೆ ಒಂದೇ ದೊಡ್ಡ ಚಿಪ್ ಇಟ್ಟರೆ ಅದು ಕಾಲ್. ಪ್ರಪಂಚದಲ್ಲಿ ಹೆಚ್ಚುಕಡಿಮೆ ಎಲ್ಲಾ ಕಡೆ ಇದೇ ನಿಯಮ. ಬಿಎಂಟಿಸಿ ಕಂಡಕ್ಟರ್‌ಗೆ ಐನೂರರ ನೋಟು ಕೊಟ್ಟರೆ ಐನೂರು ರೂಪಾಯಿ ಟಿಕೆಟ್ ಹರಿಯುತ್ತಾರಾ? ಟಿಕೆಟ್ ದುಡ್ಡು ಹಿಡಿದು ಚಿಲ್ಲರೆ ಕೊಡ್ತಾರೆ. ಇದೂ ಹಾಗೆಯೇ. ನನಗೆ ಸಿಟ್ಟಿರುವುದು ಬೇರೆ ವಿಷಯಕ್ಕೆ. ಹೊಸಬರು ಅಂತ ಗೊತ್ತಿದ್ದೂ, ಕೂರಿಸುವ ಮುಂಚೆ ಇದನ್ನು ಯಾರೂ ಹೇಳಲಿಲ್ಲ. ದುಡ್ಡು ತಗೊಂಡು ಚಿಪ್ ಕೊಡುವಾಗ ಎರಡು ನಿಮಿಷ ಹೇಳಿದ್ದರೆ ಸಾಕಿತ್ತು.

ಆ್ಯಪ್‌ನಲ್ಲಿ ಈ ಕಷ್ಟವೇ ಇಲ್ಲ. ರೇಸ್ ಬಟನ್ ಒತ್ತಿ ಮೊತ್ತ ಆರಿಸಿದರೆ ಮುಗೀತು. ನಿಯಮಕ್ಕಿಂತ ಕಡಿಮೆ ರೇಸ್ ಮಾಡಲು ಅದು ಬಿಡುವುದೇ ಇಲ್ಲ. ಸರದಿ ಬರುವ ಮುಂಚೆ ಬಟನ್ ಒತ್ತಿದ್ದರೂ ನಿಮಗಿಂತ ಮೊದಲು ಆಡುವವರು ಏರಿಸಿದರೆ ಅದೇ ನಿಲ್ಲಿಸುತ್ತದೆ. ಟೇಬಲ್‌ನಲ್ಲಿ ಇದೆಲ್ಲ ನಿಮ್ಮ ಬಾಯಿ, ನಿಮ್ಮ ಕೈ ಮಾಡಬೇಕು. ಮನೆಯಲ್ಲಿ ಯುಗಾದಿ, ಹೊಸತೊಡಕಿಗೆ ಎಲೆ ಆಡಿ ಬೆಳೆದವರಿಗೆ ಇನ್ನೊಂದು ತೊಂದರೆ. ಅಲ್ಲಿ ಎಲ್ಲಾ ಕಣ್ಸನ್ನೆ, ಕೈಸನ್ನೆ. ಯೋಚಿಸುತ್ತಾ ಬೆರಳಲ್ಲಿ ನೆಲ ತಟ್ಟಿದರೆ ಯಾರೂ ಕೇರ್ ಮಾಡುವುದಿಲ್ಲ. ಕ್ಯಾಸಿನೊದಲ್ಲಿ ಟೇಬಲ್ ತಟ್ಟಿದರೆ ಚೆಕ್ ಅಂತ ಅರ್ಥ, ಅಂದರೆ ಬೆಟ್ ಹಾಕದೆ ಸರದಿ ದಾಟಿಸುವುದು. ನಮ್ಮ ಜೊತೆ ಬಂದಿದ್ದ ಗೆಳೆಯ ಎರಡು ಬೆರಳಲ್ಲಿ ಹೀಗೆ ತಟ್ಟುತ್ತಾ ಎಷ್ಟು ಬೆಟ್ ಹಾಕಲಿ ಅಂತ ಯೋಚಿಸುತ್ತಿದ್ದ. ಪಕ್ಕದವರು ಚೆಕ್ ಅಂದರು, ಡೀಲರ್ ಮುಂದಿನ ಎಲೆ ಹಾಕಿಬಿಟ್ಟರು.

ಹಾಗಾದರೆ ಏನು ಮಾಡಬೇಕು? ಕೈ ಚಿಪ್ ಮುಟ್ಟುವ ಮೊದಲೇ ಹೇಳಿ. "ರೇಸ್, ಒಟ್ಟು ಮೂರು ಸಾವಿರ." ಒಟ್ಟು ಎಷ್ಟು ಅಂತಲೇ ಹೇಳಿ, ಎಷ್ಟು ಜಾಸ್ತಿ ಅಂತಲ್ಲ. ಹೇಳಿದ ಮೇಲೆ ಚಿಪ್ ಹೇಗೆ ಇಟ್ಟರೂ, ಎಷ್ಟು ಸಲ ಇಟ್ಟರೂ ತೊಂದರೆ ಇಲ್ಲ, ಮಾತೇ ಲೆಕ್ಕ. ಪಕ್ಕದಲ್ಲಿ ಹಾಡು, ಗಲಾಟೆ ಇದ್ದರೆ ಗಟ್ಟಿಯಾಗಿ ಹೇಳಿ, ಡೀಲರ್ ಕೇಳಿಸಿಕೊಂಡರಾ ಅಂತ ಅವರ ಮುಖ ನೋಡಿ. ಸಂಕೋಚ ಬೇಡ. ಆದರೆ ಹೇಳುವ ಮುಂಚೆ ಸರಿಯಾಗಿ ಯೋಚಿಸಿ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನೋದು ಅಲ್ಲಿ ನಿಜವಾಗಿಯೂ ನಿಯಮ. ನಿಮ್ಮ ಸರದಿ ಬರುವ ಮುಂಚೆ ಹೇಳಿದ ಮಾತು ಕೂಡ, ನಡುವೆ ಬೇರೆ ಯಾರೂ ಬೆಟ್ ಬದಲಿಸದಿದ್ದರೆ, ಸಾಮಾನ್ಯವಾಗಿ ನಿಮ್ಮನ್ನು ಕಟ್ಟಿಹಾಕುತ್ತದೆ.

ಸಂಖ್ಯೆಯನ್ನು ಅರ್ಧಕ್ಕೆ ನುಂಗಬೇಡಿ. ಬ್ಲೈಂಡ್ 200-400 ಇರುವಾಗ ಬರೀ "ಫೈವ್" ಅಂದರೆ 500ರಾ, 5,000ರಾ? ಟೂರ್ನಮೆಂಟ್‌ಗಳಲ್ಲಿ ಬಹಳ ಕಡೆ ಅನುಸರಿಸುವ ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್ ನಿಯಮದಲ್ಲಿ ಇದಕ್ಕೆ ಉತ್ತರ ಇದೆ. ಪಾಟ್, ಅಂದರೆ ಮಧ್ಯದಲ್ಲಿ ಸೇರಿರುವ ಒಟ್ಟು ದುಡ್ಡು, 5,000ಕ್ಕಿಂತ ಕಡಿಮೆ ಇದ್ದರೆ 500, ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 5,000. ಅಂದರೆ ನೀವು ಐನೂರು ಅಂದುಕೊಂಡು ಹೇಳಿದ್ದು ಐದು ಸಾವಿರ ಆಗಬಹುದು. ಟೂರ್ನಮೆಂಟ್ ಅಲ್ಲದೆ ನೇರ ದುಡ್ಡಿಗೆ ಆಡುವ ಕ್ಯಾಶ್ ಟೇಬಲ್‌ಗಳಲ್ಲಿ ಆಯಾ ಕ್ಯಾಸಿನೊದ ನಿಯಮ ನಡೆಯುತ್ತದೆ. ಕೂರುವ ಮುಂಚೆ ಫ್ಲೋರ್‌ನವರನ್ನು ಕೇಳಿ.

ಕನಿಷ್ಠ ರೇಸ್ ಲೆಕ್ಕವೂ ತಿಳಿದಿರಲಿ. ಬೆಟ್ 200, ಒಬ್ಬರು 800ಕ್ಕೆ ಏರಿಸಿದರು ಅಂದರೆ ಏರಿಕೆ 600. ಮುಂದಿನ ರೇಸ್ ಕಡೇ ಪಕ್ಷ 1,400 ಇರಬೇಕು. "ರೇಸ್" ಅಂದುಬಿಟ್ಟು ಕಡಿಮೆ ಇಟ್ಟರೆ 1,400 ತುಂಬಿಸಲು ಹೇಳ್ತಾರೆ.

ಎದುರಿನವರ ಕೈ ಮೇಲೂ ಕಣ್ಣಿರಲಿ. ಅದೇ ರಾತ್ರಿ ನಾನು 2,000 ಬೆಟ್ ಹಾಕಿದ್ದೆ. ಎದುರಿಗೆ ಕೂತವನು ಅಲ್ಲಿಗೆ ಹಳಬ, ಡೀಲರ್‌ಗಳೆಲ್ಲ ಪರಿಚಯ. 2,000 ಮುಂದೆ ಇಟ್ಟ. ಕೈ ಅಲ್ಲೇ ನಿಲ್ಲಿಸಿ ನನ್ನ ಮುಖ ನೋಡಿದ. ನಾನು ನೆಟ್ಟಗೆ ಕೂತಿದ್ದು ಅವನಿಗೆ ಹೆದರಿಕೆ ಥರ ಕಂಡಿತೋ ಏನೋ, ಕೈ ಹಿಂದಕ್ಕೆ ಹೋಗಿ ಇನ್ನೊಂದು 6,000 ತಂದಿತು. ಇದು ಸ್ಟ್ರಿಂಗ್ ಬೆಟ್. ಅರ್ಧ ಹಾಕಿ, ಎದುರಿನವರ ಮುಖ ಓದಿ, ಆಮೇಲೆ ಇನ್ನರ್ಧ ಹಾಕುವುದನ್ನು ತಡೆಯಲೆಂದೇ ನಿಯಮ ಇದೆ. ಸಿನಿಮಾದಲ್ಲಿ "ನಿನ್ನ ಸಾವಿರಕ್ಕೆ ಸಾವಿರ, ಅದರ ಮೇಲೆ ಐದು ಸಾವಿರ" ಅಂತ ಹೇಳ್ತಾರಲ್ಲ, ಅದು ಕೂಡ ಅಲ್ಲಿ ಬರೀ ಕಾಲ್. ಡೀಲರ್ ಸುಮ್ಮನಿದ್ದರು. ನಾನೇ "ಸ್ಟ್ರಿಂಗ್ ಬೆಟ್, ಫ್ಲೋರ್ ಕರೀರಿ" ಅಂದೆ. ಫ್ಲೋರ್‌ನವರು 6,000 ವಾಪಸ್ ಕೊಡಿಸಿದರು. ಹೊಸಬರು ಪಾಠ ಮಾಡ್ತಾರೆ ಅಂತ ಅವನು ರಾತ್ರಿಯೆಲ್ಲಾ ಗೊಣಗಿದ. ಗೊಣಗಲಿ ಬಿಡಿ. ಹಳಬರಿಗೆ ಈ ನಿಯಮ ಗೊತ್ತಿಲ್ಲದೆ ಇರುವುದಿಲ್ಲ. ನೀವು ಹೊಸಬರು ಅಂತ ತಿಳಿದೇ ಹೀಗೆ ಪರೀಕ್ಷೆ ಮಾಡ್ತಾರೆ.

ಈಗ ನಾವು ಭಾನುವಾರ ಬನಶಂಕರಿಯ ಮನೆಯಲ್ಲಿ ದುಡ್ಡಿಲ್ಲದೆ, ಬರೀ ಪ್ಲಾಸ್ಟಿಕ್ ಚಿಪ್ ಇಟ್ಟು ಅಭ್ಯಾಸ ಮಾಡ್ತೀವಿ. ಮಾತಾಡದೆ ಚಿಪ್ ಇಟ್ಟರೆ ಅಲ್ಲಿಯ ನಿಯಮವೇ ಇಲ್ಲಿಯೂ. ಭಾವಮೈದನಿಗೆ ಈಗ ಬಾಯಿ ಮೊದಲು ಹೋಗುತ್ತದೆ, ಕೈ ಆಮೇಲೆ. ನೀವೂ ಹೋಗುವ ಮುಂಚೆ ನಾಲ್ಕು ಜನ ಕೂತು ಹೀಗೆ ಆಡಿ ನೋಡಿ.

ಕೊನೆಗೆ, ಅಲ್ಲಿ ಏನಾದರೂ ತಪ್ಪಾಯ್ತು ಅನಿಸಿದರೆ ತಕ್ಷಣ "ಫ್ಲೋರ್" ಅಂತ ಕರೆಯಿರಿ. ಆ ಆಟ ಮುಗಿದ ಮೇಲೆ ಕೇಳೋಣ ಅಂತ ಕಾಯಬೇಡಿ. ನಿಮ್ಮ ನಂತರ ಇನ್ನಿಬ್ಬರು ಮೂವರು ಆಡಿಬಿಟ್ಟರೆ, ಅಥವಾ ಮುಂದಿನ ಎಲೆ ಬಿದ್ದುಬಿಟ್ಟರೆ, ಫ್ಲೋರ್‌ನವರಿಗೆ ಸರಿ ಮಾಡಬೇಕು ಅಂತ ಮನಸ್ಸಿದ್ದರೂ ಹೆಚ್ಚಿನ ಸಲ ಆಗುವುದಿಲ್ಲ.