ವಿಧಾನಸೌಧ ಪ್ರವಾಸ: ಅಪ್ಪಯ್ಯನ ಜೊತೆ ಒಂದೂವರೆ ಗಂಟೆ

ಅಪ್ಪಯ್ಯ ಊರಿಂದ ಬಂದಾಗಲೆಲ್ಲ ಎಲ್ಲಿಗಾದರೂ ಹೋಗೋಣ ಅಂದರೆ "ಎಲ್ಲೂ ಬೇಡ ಮಾರಾಯ್ತಿ, ಮನೇಲೇ ಇರ್ತೀನಿ" ಅನ್ನುತ್ತಾರೆ. ಈ ಸಲ ವಿಧಾನಸೌಧದೊಳಗೆ ಕರೆದುಕೊಂಡು ಹೋಗಿ ತೋರಿಸ್ತಾರಂತೆ ಅಂದೆ. ಪೇಪರ್ ಮಡಚಿ ಕೆಳಗಿಟ್ಟರು. "ಗೋಪಾಲಗೌಡ್ರು ಕೂರ್ತಿದ್ದ ಜಾಗ?" ಅಂತ ಕೇಳಿದರು. ಆ ರಾತ್ರಿಯೇ ಟಿಕೆಟ್ ಬುಕ್ ಮಾಡಿದೆ.

ಮೊದಲು ಕೆಲಸಕ್ಕೆ ಬರುವ ವಿಷಯ ಹೇಳಿಬಿಡ್ತೀನಿ. ಇದು ಪ್ರವಾಸೋದ್ಯಮ ಇಲಾಖೆ 2025ರ ಜೂನ್‌ನಲ್ಲಿ ಸಾರ್ವಜನಿಕರಿಗೆ ಶುರು ಮಾಡಿದ ಸೇವೆ. ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರ ಇರುತ್ತದೆ. ದೊಡ್ಡವರಿಗೆ 50 ರೂಪಾಯಿ, ಚಿಕ್ಕ ಮಕ್ಕಳಿಗೆ ಉಚಿತ. ಮೂವತ್ತು ಜನರ ಗುಂಪು ಮಾಡಿ ಗೈಡ್ ಜೊತೆ ಕಳಿಸುತ್ತಾರೆ. ಆನ್‌ಲೈನ್‌ನಲ್ಲೇ ಬುಕ್ ಮಾಡಬೇಕು, ಹೋಗುವಾಗ ಗುರುತಿನ ಚೀಟಿ ಇಟ್ಟುಕೊಳ್ಳಬೇಕು. ಮೆಟ್ರೋ ನಿಲ್ದಾಣ ಎದುರಿಗೇ ಇದೆ. ಸುಮಾರು ಒಂದೂವರೆ ಕಿಲೋಮೀಟರ್ ನಡಿಗೆ, ಹಾಗಾಗಿ ವಯಸ್ಸಾದವರಿದ್ದರೆ ಬೆಳಗಿನ ಮೊದಲ ಗುಂಪಿಗೇ ಬುಕ್ ಮಾಡಿ. ಬಿಸಿಲು ಏರುವ ಮುಂಚೆ ಆ ಕಲ್ಲಿನ ಅಂಗಳದಲ್ಲಿ ನಡೆಯುವುದೇ ಒಂದು ಖುಷಿ.

ಇನ್ನು ಅಪ್ಪಯ್ಯ ಯಾಕೆ ಪೇಪರ್ ಕೆಳಗಿಟ್ಟರು ಅನ್ನೋದು. ಈಗಿನ ಹುಡುಗರಿಗೆ ಶಾಂತವೇರಿ ಗೋಪಾಲಗೌಡರ ಹೆಸರು ಗೊತ್ತಿಲ್ಲದೇ ಇರಬಹುದು. ಅವರು 1923ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಹುಟ್ಟಿದವರು. ಓದುವ ವಯಸ್ಸಿನಲ್ಲೇ, 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೆ ಹೋದರು. ಆಮೇಲೆ ಸಮಾಜವಾದಿ ಪಕ್ಷ, ಆಮೇಲೆ ಕಾಗೋಡು.

ಕಾಗೋಡು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿನ ಜಗಳ ಶುರುವಾಗಿದ್ದು ಭತ್ತ ಅಳೆಯುವ ಕೊಳಗದಿಂದ. ನಮ್ಮ ಮನೆಯ ಅಟ್ಟದ ಮೇಲೆ ಈಗಲೂ ಒಂದು ಇದೆ, ಹಿತ್ತಾಳೆ ಪಟ್ಟಿ ಹೊಡೆದ ಮರದ ಕೊಳಗ. ಬಾಯಿಯ ಅಂಚು ಸವೆದು ನುಣ್ಣಗಾಗಿದೆ. ಗೇಣಿ ಭತ್ತ, ಅಂದರೆ ಗದ್ದೆಯ ಬಾಡಿಗೆಯಾಗಿ ಕೊಡುವ ಭತ್ತ, ಅಳೆಯುವಾಗ ಒಡೆಯರು ಬಳಸುತ್ತಿದ್ದ ಕೊಳಗ ಸರ್ಕಾರದ ಅಳತೆಗಿಂತ ದೊಡ್ಡದು. ಒಂದೊಂದು ಕೊಳಗಕ್ಕೂ ನಾಲ್ಕು ಹಿಡಿ ಜಾಸ್ತಿ ಹೋದರೆ ವರ್ಷದ ಕೊನೆಗೆ ಗೇಣಿದಾರನ ಕಣದಲ್ಲಿ ಏನು ಉಳಿಯುತ್ತೆ ಹೇಳಿ? ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಶುರುವಾಯಿತು. ಒಡೆಯರು ಉಳಬೇಡಿ ಅಂದ ಗದ್ದೆಗೆ ಇಳಿದವರನ್ನೆಲ್ಲ ಪೊಲೀಸರು ಹಿಡಿದುಕೊಂಡು ಹೋದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಗೋಪಾಲಗೌಡರು ಆ ಹೋರಾಟದ ಮುಂಚೂಣಿಯಲ್ಲಿದ್ದರು. ಮರುವರ್ಷವೇ, 1952ರಲ್ಲಿ, ಸಾಗರ–ಹೊಸನಗರದಿಂದ ಗೆದ್ದು ಶಾಸಕರಾದರು. ಆಗ ಅವರಿಗೆ ಇಪ್ಪತ್ತೊಂಬತ್ತು.

ಈಗ ಪ್ರವಾಸಕ್ಕೆ ಬರ್ತೀನಿ. ನೆಹರು ಈ ಕಟ್ಟಡಕ್ಕೆ ಅಡಿಗಲ್ಲು ಹಾಕಿದ್ದು 1951ರ ಜುಲೈ 13ಕ್ಕೆ. ಅಪ್ಪಯ್ಯ ಸುಮ್ನೆ ನನ್ನ ಕೈ ಒತ್ತಿದರು. "ಅಲ್ಲಿ ಕಾಗೋಡಲ್ಲಿ ಜನ ಜೈಲಿಗೆ ಹೋಗೋ ಹೊತ್ತಿಗೆ ಇಲ್ಲಿ ಅಡಿಗಲ್ಲು. ನಾನು ಹುಟ್ಟಿದ್ದೂ ಅದೇ ವರ್ಷ" ಅಂದರು. ಈ ಕಲ್ಲಿನ ವೈಭವದ ಹಿಂದೆ ಇದ್ದವರು ಕೆಂಗಲ್ ಹನುಮಂತಯ್ಯ. ಸಾವಿರಾರು ಕೆಲಸಗಾರರು, ಅವರ ಜೊತೆ ಜೈಲಿನ ಕೈದಿಗಳು ಕಟ್ಟಿದ ಮನೆ ಇದು. 1956ರಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಕೆಂಗಲ್ ಮುಖ್ಯಮಂತ್ರಿ ಕುರ್ಚಿಯಲ್ಲೇ ಇರಲಿಲ್ಲ. "ಸರ್ಕಾರದ ಕೆಲಸ ದೇವರ ಕೆಲಸ" ಅನ್ನುವ ಅಕ್ಷರಗಳನ್ನು ಕೆಳಗೆ ನಿಂತು ಓದಿ. ಪೇಪರಿನ ಫೋಟೋದಲ್ಲಿ ನೋಡುವುದಕ್ಕೂ, ಆ ಕಂಬಗಳ ಬುಡದಲ್ಲಿ ತಲೆಯೆತ್ತಿ ಓದುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಒಂದು ವಿಷಯ ನಾನು ಮೊದಲೇ ಓದಿಕೊಂಡು ಹೋಗಿದ್ದೆ. 1956ರವರೆಗೆ ಸದನ ಸೇರುತ್ತಿದ್ದದ್ದು ಎದುರಿನ ಕೆಂಪು ಕಟ್ಟಡದಲ್ಲಿ, ಅಠಾರಾ ಕಚೇರಿಯಲ್ಲಿ. ಅದೇ ಈಗಿನ ಹೈಕೋರ್ಟ್. ಹಾಗಾಗಿ ಗೋಪಾಲಗೌಡರು ಮೊದಲು ಶಾಸಕರಾಗಿ ಹೋಗಿದ್ದು ಅಲ್ಲಿಗೆ. 1957ರಲ್ಲಿ ಸೋತು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದು ಮತ್ತೆ ಶಾಸಕರಾಗಿ ಕೂತಿದ್ದು ಇಲ್ಲಿ. ಅಪ್ಪಯ್ಯನಿಗೆ ಇದನ್ನು ಹೇಳಿದಾಗ ತಿರುಗಿ ನಿಂತು ಕೆಂಪು ಕಟ್ಟಡವನ್ನೂ ಬಹಳ ಹೊತ್ತು ನೋಡಿದರು. ಗುಂಪು ಮುಂದೆ ಹೋಗಿತ್ತು. ಗೈಡ್ ಹುಡುಗಿ ಹಿಂದಕ್ಕೆ ಬಂದು "ನಿಧಾನ ಬನ್ನಿ ತಾತ, ಕಾಯ್ತೀವಿ" ಅಂದಳು. ಈ ಸೇವೆಗೆ ಐದಕ್ಕೆ ಐದು ಕೊಡಲು ನನಗೆ ಅಷ್ಟೇ ಸಾಕು.

ವಿಧಾನಸಭೆಯ ಕಡೆಗೆ ಬಂದಾಗ ಅಪ್ಪಯ್ಯ ಚಪ್ಪಲಿ ಬಿಡಬೇಕಾ ಅಂತ ಕೇಳಿದರು. ಬೇಡ ಅಂದೆ. 1967ರ ಚುನಾವಣೆಯಲ್ಲಿ ಅವರಿಗೆ ಹದಿನಾರು ವರ್ಷ. ನಮ್ಮೂರ ಶಾಲೆ ಬಯಲಲ್ಲಿ ಗೌಡರ ಭಾಷಣ. ಅಪ್ಪಯ್ಯ ಗ್ಯಾಸ್‌ಲೈಟ್ ಎತ್ತಿ ಹಿಡಿದು ನಿಂತಿದ್ದರಂತೆ. ದುಡ್ಡಿಲ್ಲದ ಅಭ್ಯರ್ಥಿ, ಜನರ ಹತ್ತಿರ ವೋಟಿನ ಜೊತೆ ನೋಟನ್ನೂ ಕೇಳಿಯೇ ಗೆದ್ದವರು. ಅಜ್ಜ ಅಡಿಕೆ ಚೀಲದಿಂದ ಒಂದು ರೂಪಾಯಿ ತೆಗೆದು ಕೊಟ್ಟಿದ್ದರಂತೆ. ಆಗ ಅದು ಸಣ್ಣ ದುಡ್ಡಲ್ಲ.

ಉಳುವವನೇ ಹೊಲದೊಡೆಯ ಆಗಬೇಕು, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡಬೇಕು. ಇವೆರಡಕ್ಕೂ ದನಿ ಎತ್ತಿದವರು ಅವರು. ಎರಡೂ ಆದವು, ನೋಡಲು ಅವರಿರಲಿಲ್ಲ. 1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ ತೀರಿಕೊಂಡರು. 1973ರಲ್ಲಿ ಹೆಸರು ಬಂತು. 1974ರಲ್ಲಿ ಮುಖ್ಯಮಂತ್ರಿ ದೇವರಾಜ ಅರಸು ಅವರ ಕಾಲದಲ್ಲಿ ಭೂಸುಧಾರಣೆ ತಿದ್ದುಪಡಿ ಜಾರಿಯಾಯಿತು. ನಮ್ಮ ಅಜ್ಜನೂ ಡಿಕ್ಲರೇಶನ್, ಅಂದರೆ ಗೇಣಿಗೆ ಉಳುತ್ತಿದ್ದ ಗದ್ದೆ ತನಗೇ ಸೇರಬೇಕು ಅನ್ನುವ ಅರ್ಜಿ, ಹಾಕಿ ಗದ್ದೆ ಉಳಿಸಿಕೊಂಡರು. ನಾನು ಓದಿದ್ದು ಆ ಗದ್ದೆಯ ದುಡ್ಡಿನಲ್ಲಿ.

ನೀವೂ ಹೋಗಿ, ಮನೆಯ ಹಿರಿಯರನ್ನು ಕರೆದುಕೊಂಡೇ ಹೋಗಿ. ಹೋಗುವ ಮುಂಚೆ ನಿಮ್ಮ ಕಡೆಯಿಂದ ಹಿಂದೆ ಯಾರು ಶಾಸಕರಾಗಿದ್ದರು, ಏನು ಮಾಡಿದರು ಅಂತ ಅವರನ್ನೇ ಕೇಳಿ ತಿಳಿದುಕೊಳ್ಳಿ. ಕಲ್ಲಿನ ಕಥೆ ಗೈಡ್ ಚೆನ್ನಾಗಿ ಹೇಳ್ತಾರೆ, ಇದನ್ನು ಮಾತ್ರ ನಾವೇ ಜೊತೆಗೆ ತಗೊಂಡು ಹೋಗಬೇಕು.

ಹೊರಗೆ ಬಂದ ಮೇಲೆ ಹತ್ತಿರದ ಗೋಪಾಲಗೌಡ ವೃತ್ತಕ್ಕೆ ನಡೆದುಕೊಂಡೇ ಹೋದೆವು. ದಿನಾ ಬಸ್ಸಲ್ಲಿ ದಾಟುವ ಸಿಗ್ನಲ್ ಅದು. ಅಪ್ಪಯ್ಯ ಕನ್ನಡಕ ಒರೆಸಿಕೊಂಡು ಆ ಹೆಸರನ್ನು ಓದಿದರು. ಮೂರು ಸಲ ಸಿಗ್ನಲ್ ಬಿತ್ತು. ನಾವು ರಸ್ತೆ ದಾಟಲಿಲ್ಲ.