ದಪ್ಪಕ್ಷರದ ಕನ್ನಡ ಬೈಬಲ್, ಕೆಜಿಎಫ್‌ನಲ್ಲಿ ತಗೊಂಡಿದ್ದು

ರಾಬರ್ಟ್‌ಸನ್‌ಪೇಟೆಲಿ ಒಂದು ಪುಟ್ಟ ಸ್ಟಾಲಲ್ಲಿ ಅಮ್ಮಂಗೆ ಅಂತ ತಗೊಂಡೆ, ಈಗ ಅವ್ರಿಗಿಂತ ನಾನೇ ಜಾಸ್ತಿ ಓದ್ತಿರೋದು. ಅಕ್ಷರ ದಪ್ಪ ಇದೆ, ಕನ್ನಡಕ ಇಲ್ದೆನೂ ಓದ್ಬೋದು, ಆದ್ರೆ ಪೇಪರ್ ತುಂಬಾ ತೆಳು, ಹಿಂದಿನ ಪುಟ ಕಾಣ್ಸುತ್ತೆ. ಭಾಷೆನೂ ಸ್ವಲ್ಪ ಹಳೇ ಕಾಲದ್ದು.

ಹೊಸಬ್ರು ಮೊದ್ಲು ಬೈಬಲ್‌ನ ಪ್ರಸಂಗಿ ಅನ್ನೋ ಪುಸ್ತಕದ 2ನೇ ಅಧ್ಯಾಯ ಓದಿ, ಅದ್ರಲ್ಲಿ ಮಾತಾಡೋನು ಒಬ್ಬ ರಾಜ. ಮನೆ ಕಟ್ಟಿಸ್ದೆ, ತೋಟ ಮಾಡಿಸ್ದೆ, ಬೆಳ್ಳಿ ಬಂಗಾರ ಕೂಡಿಟ್ಟೆ, ಹಾಡೋರನ್ನೂ ಇಟ್ಕೊಂಡೆ, ಕಡೆಗೆ ನೋಡಿದ್ರೆ ಎಲ್ಲಾ ಗಾಳಿ ಹಿಂದೆ ಓಡಿದಂಗೆ ಅಂತಾನೆ. ನೂರು ವರ್ಷಕ್ಕೂ ಜಾಸ್ತಿ ಚಿನ್ನ ತೆಗೆದು 2001ರಲ್ಲಿ ಗಣಿ ಮುಚ್ಚಿದ ಊರಲ್ಲಿ ಕೂತು ಇದನ್ನ ಓದಿದ್ರೆ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ, ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬಗಳು ಕಣ್ಣೆದುರಿಗೇ ಇದಾವೆ. ಆಮೇಲೆ ಯೋಹಾನನ ಸುವಾರ್ತೆ 4ನೇ ಅಧ್ಯಾಯ, ಬಾವಿ ಹತ್ರ ಸಮಾರ್ಯದ ಹೆಂಗಸಿಗೆ ಯೇಸು, ಈ ನೀರು ಕುಡಿದ್ರೆ ಮತ್ತೆ ದಾಹ ಆಗುತ್ತೆ, ನಾನು ಕೊಡೋ ನೀರು ಕುಡಿದೋರಿಗೆ ಆಗಲ್ಲ ಅನ್ನೋ ಭಾಗ. ಸಾವಿರ ಅಡಿ ಬೋರ್ ಕೊರ್ಸಿ ನೀರು ಕಾಣ್ದೆ ಇರೋ ಕೋಲಾರದ ಕಡೆಯೋರಿಗೆ ಇದು ಎದೆಗೇ ನಾಟುತ್ತೆ. ಸೈಟು, ಕಾರು, ಫೋನು ಅಂತ ಇಎಂಐ ಕಟ್ಕೊಂಡು ಹುಡುಕಿದ ನೆಮ್ಮದಿ ನಂಗೆ ಇಲ್ಲಿ ಸಿಕ್ತು, ಫೋನ್ ಖುಷಿ ಮುಂದಿನ ಮಾಡೆಲ್ ಬರೋವರ್ಗೆ ಅಷ್ಟೆ.

ಬೆಲೆಗೆ ಮೋಸ ಇಲ್ಲ. ಬೈಂಡಿಂಗ್ ಲೂಸು, ಅದಕ್ಕೆ ಒಂದು ಸ್ಟಾರ್ ಕಟ್.