ಚಳಿಗಾಲದ ಜೌಗು ನಡಿಗೆ: ಕಾಂಗರೀಯೋ, ಎವರ್‌ಗ್ಲೇಡ್ಸೋ?

ಅಮೆರಿಕದ ದಕ್ಷಿಣ ರಾಜ್ಯಗಳ ಜೌಗುನೆಲದಲ್ಲಿ ನಡೆದಾಡಲು ಸೊಳ್ಳೆ ಮತ್ತು ಸೆಖೆ ಎರಡೂ ತಗ್ಗಿರುವ ಚಳಿಗಾಲವೇ ಸೂಕ್ತ. ಆದರೆ ದಕ್ಷಿಣ ಕೆರೊಲಿನಾದ ಕಾಂಗರೀ ಮತ್ತು ಫ್ಲಾರಿಡಾದ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನಗಳಲ್ಲಿ ಆ ಕಾಲದ ನೀರಿನ ನಡೆ ಒಂದಕ್ಕೊಂದು ವಿರುದ್ಧವಾಗಿರುತ್ತದೆ.

ಕಾಂಗರೀಯಲ್ಲಿ ನದಿ ಉಕ್ಕಿ ಕಾಡಿನೊಳಗೆ ಹರಡುವ ಸಂಭವ ಚಳಿಗಾಲದಲ್ಲಿ ಹೆಚ್ಚು. ಸುಮಾರು 4 ಕಿ.ಮೀ. ಉದ್ದದ ಹಲಗೆ ಹಾದಿಯ ತಗ್ಗಿನ ಭಾಗ ಕೆಲವೊಮ್ಮೆ ಮುಳುಗುವುದರಿಂದ, ಹೊರಡುವ ಮುನ್ನ ನೀರಿನ ಮಟ್ಟವನ್ನು ವಿಚಾರಿಸುವುದು ಒಳಿತು. ಎಲೆ ಉದುರಿದ ಸೈಪ್ರೆಸ್ ಮರಗಳ ಬುಡದಲ್ಲಿ ಬೇರಿನಿಂದ ಮೇಲೆದ್ದ, ‘ಮೊಣಕಾಲು’ ಎಂದು ಕರೆಯಲಾಗುವ ಮೊನಚು ಗೂಟಗಳು ಆಗ ಸ್ಪಷ್ಟವಾಗಿ ಕಾಣುತ್ತವೆ. ಪ್ರವೇಶ ಉಚಿತ.

ಎವರ್‌ಗ್ಲೇಡ್ಸ್‌ನಲ್ಲಿ ಚಳಿಗಾಲವೆಂದರೆ ಒಣಕಾಲ. ನೀರು ಇಂಗಿದಂತೆಲ್ಲ ಮೀನು, ಹಕ್ಕಿ, ಅಲಿಗೇಟರ್‌ಗಳು ಉಳಿದ ಮಡುಗಳ ಸುತ್ತ ಕೂಡುವುದರಿಂದ, ಹೋಗಿ ಬರಲು 1.3 ಕಿ.ಮೀ.ಯಷ್ಟೇ ಇರುವ ಅನ್ಹಿಂಗಾ ಹಾದಿಯಲ್ಲಿ ಕಾಣಸಿಗುವ ಜೀವಿಗಳು ಕಾಂಗರೀಯ ಇಡೀ ದಿನದ ಅಲೆದಾಟದಲ್ಲೂ ಸಿಗಲಾರವು. ರಂಗನತಿಟ್ಟಿನ ಹಾವಕ್ಕಿಯನ್ನು ಬಲ್ಲವರಿಗೆ, ಅದರ ಸಂಬಂಧಿಯಾದ ಅನ್ಹಿಂಗಾ ನೀರಿನಿಂದೆದ್ದು ರೆಕ್ಕೆ ಹರಡಿ ಒಣಗಿಸುವ ಭಂಗಿ ಹೊಸದೆನಿಸದು. ಇಲ್ಲಿ ಪ್ರವೇಶ ಶುಲ್ಕವಿದೆ, ಜನಸಂದಣಿಯೂ ಇದೆ.

ಮಕ್ಕಳು, ವೃದ್ಧರು ಜೊತೆಗಿದ್ದರೆ ನನ್ನ ಆಯ್ಕೆ ಎವರ್‌ಗ್ಲೇಡ್ಸ್. ಮರಗಳನ್ನೂ ಮೌನವನ್ನೂ ಬಯಸುವವರಿಗೆ ಕಾಂಗರೀ. ಎವರ್‌ಗ್ಲೇಡ್ಸ್‌ಗೆ ಹೋಗುವವರು ಕಾರಿಗೆ ಟಾರ್ಪಾಲು ಹೊದಿಸಬೇಕು, ಏಕೆಂದರೆ ಅಲ್ಲಿನ ರಣಹದ್ದುಗಳು ಕಿಟಕಿಯ ರಬ್ಬರನ್ನು ಕಿತ್ತು ಹಾಕುವುದುಂಟು.